ಅಕ್ಕ ಕೊಟ್ಟದ್ದು

ಬಿಳಿ ಅಂಗಿಯನ್ನೇ ಹಾಕಬೇಕೆಂದು ಅಕ್ಕ ಶನಿವಾರ ಸಂಜೆಯೇ ಹೇಳಿದ್ದಳು. ಭಾನುವಾರ ಬೆಳಿಗ್ಗೆ ಮತ್ತೆ ಫೋನು ಮಾಡಿ ಹೇಳಿದಳು. ಎಲ್ಕಾನ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅವನ ಹೆಂಡತಿ ನಳಿನಿಗೂ ಫೋನು ಮಾಡಿ ಅದನ್ನೇ ಹೇಳಿದಳಂತೆ. ಅದಕ್ಕೇ ಅವನು ನೀಲಿ ಅಂಗಿ ಹಾಕಿಕೊಂಡ. ಗುಂಡಿ ಹಾಕುತ್ತ ಕನ್ನಡಿ ನೋಡಿದಾಗ, ಮಾತ್ರೆಗಳಿಂದ ಊದಿಕೊಂಡ ದುಂಡು ಮುಖದವನೊಬ್ಬ, ಐವತ್ತರ ಹತ್ತಿರದವನು, ಗುರುವಾಯನಕೆರೆಯಲ್ಲಿ ಸ್ವಂತ ಪಂಪ್ ರಿಪೇರಿ ಅಂಗಡಿ ಇಟ್ಟವನು, ಅಕ್ಕನ ಮೇಲಿನ ಸಿಟ್ಟಿಗೆ ಅಂಗಿಯ ಬಣ್ಣ ಆರಿಸುತ್ತಿದ್ದಾನೆ ಅನ್ನಿಸಿ ನಾಚಿಕೆಯಾಯಿತು. ನೀಲಿಯದನ್ನು ಬಿಚ್ಚಿ ಬಿಳಿಯದನ್ನೇ ಹಾಕಿಕೊಂಡ. ಈಗ ಸೋತ ಹಾಗಾಯಿತು. ಪಕ್ಕದ ಕೋಣೆಯಿಂದ ನಳಿನಿ, ಶೀತವಿದ್ದುದರಿಂದ ಬಾಗಿಲ ಆಚೆಯೇ ನಿಂತು, ಮೂಗಿಗೆ ಸೆರಗು ಹಿಡಿದು, "ಬಿಳಿಯದ್ದೇ ಅಲ್ವಾ?" ಎಂದು ಕೇಳಿದಳು. ಅವಳು ಆ ಕೋಣೆಯಲ್ಲಿ ಮಲಗಬೇಕೆಂದು ಅಪ್ಪಣೆ ಮಾಡಿದವಳೂ ಅಕ್ಕನೇ. ಮೂಡುಬಿದಿರೆಯಲ್ಲಿ ಕೂತು, ಲಾಯಿಲದ ಮನೆಯಲ್ಲಿ ಗಂಡ ಹೆಂಡತಿ ಯಾವ ಕೋಣೆಯಲ್ಲಿ ಮಲಗಬೇಕೆಂದು ಹೇಳುವ ಅಧಿಕಾರ ಅವಳಿಗೆ ಬಂದು ಒಂದು ವರ್ಷವಾಯಿತು.

"ನೀನು ಬರುವುದು ಬೇಡ ಅಂತ ಅವಳೇ ಹೇಳಿದ್ದಾ?" ಎಂದ.

"ಮತ್ತೆ? ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತು ಸೀನ್ಲಿಕ್ಕಾ? ಅವರು ಹೇಳುವುದು ನಿಮ್ಮ ಒಳ್ಳೇದಕ್ಕೇ ಅಲ್ವಾ. ನಾಲ್ಕು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಕಷ್ಟ? ಅವರೇ ಬರೆದು ಸಹ ಕಳಿಸಿದ್ದಾರೆ."

ಹೌದು, ಬರೆದೂ ಕಳಿಸಿದ್ದಳು. ಅವನು ಇವತ್ತು ಇಗರ್ಜಿಯಲ್ಲಿ ಎಲ್ಲರೆದುರು ನಿಂತು ದೇವರ ಉಪಕಾರಕ್ಕೆ ಹೇಳಬೇಕಾದ ಸಾಕ್ಷಿಯನ್ನು, ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದ ಅಕ್ಕ ಶುಲಮಿತ, ತಪ್ಪಿಲ್ಲದ ಕನ್ನಡದಲ್ಲಿ, ಎಲ್ಲಿ ನಿಲ್ಲಿಸಬೇಕು ಎಲ್ಲಿ ಉಸಿರೆಳೆಯಬೇಕು ಎಂಬುದು ಗೊತ್ತಾಗುವ ಹಾಗೆ ಅಲ್ಪವಿರಾಮಗಳನ್ನು ಹಾಕಿ ವಾಟ್ಸಾಪಿನಲ್ಲಿ ಕಳಿಸಿದ್ದಳು. 'ಮರಣದ ಬಾಗಿಲಿನಲ್ಲಿದ್ದ ನನ್ನನ್ನು, ಕೃಪಾಳುವಾದ ದೇವರು, ಅಯೋಗ್ಯಳಾದ ನನ್ನ ಸಹೋದರಿಯ ಮೂಲಕ…' ಆ 'ಅಯೋಗ್ಯಳಾದ' ಎಂಬ ಮಾತನ್ನು ಅವಳೇ ತನ್ನ ಬಗ್ಗೆ ಬರೆದು, ಅದನ್ನು ಅವನ ಬಾಯಲ್ಲಿ ಇಟ್ಟದ್ದನ್ನು ಓದಿ ಅವನಿಗೆ ನಗು ಬಂದಿತ್ತು. ನಕ್ಕದ್ದಕ್ಕೆ ಆಮೇಲೆ ಭಯವೂ ಆಗಿತ್ತು. ಏಕೆಂದರೆ ಅವಳ ಎಡಗಡೆಯ ಕಿಡ್ನಿ ಈಗ ಅವನ ಕೆಳಹೊಟ್ಟೆಯ ಬಲಬದಿಯಲ್ಲಿ, ಚರ್ಮದ ಕೆಳಗೆ, ಮುಟ್ಟಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಬೆಲ್ಟು ಬಿಗಿದಾಗ ಅದು ತಾಗುತ್ತಿತ್ತು. ಮಗ್ಗುಲು ಬದಲಿಸಿದಾಗ ತಾಗುತ್ತಿತ್ತು. ಅಕ್ಕ ಒಳಗೇ ಕುರ್ಚಿ ಹಾಕಿ ಕೂತು, ನೀರು ಕುಡಿದೆಯಾ, ಉಪ್ಪು ತಿಂದೆಯಾ, ಸುಳ್ಳು ಹೇಳಿದೆಯಾ ಎಂದು ವಿಚಾರಿಸುತ್ತಿದ್ದಾಳೆಂದು ಅನ್ನಿಸುತ್ತಿತ್ತು. ಆಪರೇಷನ್ನಿನ ಮರುದಿನ ಚೀಲದಲ್ಲಿ ಮೂತ್ರ ತುಂಬುವುದನ್ನು ಕಂಡು ಅವನು ಮಗುವಿನ ಹಾಗೆ ಅತ್ತಿದ್ದ. ಆಗ ಯಾರೂ ಹೇಳಿಕೊಡದೆಯೇ ದೇವರ ಹೆಸರು ಬಾಯಿಗೆ ಬಂದಿತ್ತು. ಅದು ನಿಜವಾಗಿತ್ತು. ಆ ಒಂದು ಬೆಳಗ್ಗಿನ ನಿಜವನ್ನು ಇಡೀ ವರ್ಷಕ್ಕೆ ಎಳೆದು ಹಚ್ಚಬೇಕೆಂದರೆ ಅವನು ಎಲ್ಲಿಂದ ತರಬೇಕು?

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಲು ಇಳಿದಾಗ, ತನ್ನದೇ ಅಂಗಡಿಯ ಮುಚ್ಚಿದ ಶಟರಿನ ಮುಂದೆ ಯಾರೂ ಮಾತಾಡಿಸದಿರಲಿ ಎಂದು ತಲೆ ತಗ್ಗಿಸಿ ನಿಂತ. ಪಕ್ಕದ ಚಪ್ಪಲಿ ಅಂಗಡಿಯ ಅಬ್ಬಾಸ್ ಆಗಲೇ ಬಾಗಿಲು ತೆಗೆದಿದ್ದ. "ಎಂತ ಎಲ್ಕಾನಣ್ಣ, ಇಗರ್ಜಿಗಾ? ಅಕ್ಕ ಹೇಗಿದ್ದಾರೆ? ಅಂಥ ಅಕ್ಕ ಸಿಗ್ಲಿಕ್ಕೆ ಪುಣ್ಯ ಬೇಕು ಮಾರಾಯ್ರೆ. ಮೇಲಿನವನ ದಯೆ." ಎಲ್ಕಾನ ನಕ್ಕ. ಈ ನಗು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ತುಟಿಯ ಎರಡೂ ತುದಿಯನ್ನು ಸ್ವಲ್ಪ ಎಳೆದರೆ ಸಾಕು. ಒಂದು ವರ್ಷದಿಂದ ಯಾರೂ ಅವನು ಹೇಗಿದ್ದಾನೆಂದು ಮೊದಲು ಕೇಳಿದ್ದಿಲ್ಲ. ಸುಟ್ಟುಹೋದ ಮೋಟಾರು ತಂದವರು ಕೂಡ, ತಾಮ್ರದ ತಂತಿ ಸುತ್ತುತ್ತಿರುವ ಅವನ ಕೈ ನೋಡುತ್ತ, ಅಕ್ಕನ ವಿಚಾರ ತೆಗೆಯುತ್ತಿದ್ದರು. ವೈಂಡಿಂಗ್ ಸರಿಯಾಗಲಿಲ್ಲವೆಂದು ಜಗಳಕ್ಕೆ ಬಂದವನೊಬ್ಬ, ಬೈಯುವ ಮಧ್ಯದಲ್ಲಿ ನಿಲ್ಲಿಸಿ, "ಹೋಗ್ಲಿ ಬಿಡಿ, ನಿಮ್ಮದು ಪುನರ್ಜನ್ಮ ಅಲ್ವಾ" ಎಂದು ಹೊರಟುಹೋಗಿದ್ದ. ಆ ದಿನ ಬೈಗುಳವೇ ಎಷ್ಟೋ ಮೇಲಿತ್ತು ಅನ್ನಿಸಿತ್ತು.

ಬಸ್ಸು ಬರುವ ಮೊದಲೇ ಬಂದವನು ಕೂಸಪ್ಪ. ನೆರಿಯದವನು. ಕೈಯಲ್ಲಿ ಔಷಧದ ಅಂಗಡಿಯ ಚೀಲವಿತ್ತು. ಅವನನ್ನು ದೂರದಿಂದಲೇ ಕಂಡ ಎಲ್ಕಾನನಿಗೆ ಅಬ್ಬಾಸನ ಅಂಗಡಿಯೊಳಗೆ ನುಗ್ಗಿ ಚಪ್ಪಲಿ ನೋಡುವವನ ಹಾಗೆ ನಿಲ್ಲಬೇಕೆನ್ನಿಸಿತು. ಕಾಲು ಏಳಲಿಲ್ಲ. ಕೂಸಪ್ಪನ ಹೆಂಡತಿ ವಾರಿಜಾಕ್ಷಿಯೂ ಅವನೂ ಎರಡು ವರ್ಷ ಅಕ್ಕಪಕ್ಕದ ಕುರ್ಚಿಗಳಲ್ಲಿ ಒರಗಿ ಡಯಾಲಿಸಿಸ್ ಮಾಡಿಸಿಕೊಂಡವರು.

"ಓ, ಅಣ್ಣೆರ್! ಗುರುತೇ ಸಿಗ್ಲಿಲ್ಲ. ಮುಖದಲ್ಲಿ ಕಳೆ ಬಂದಿದೆ," ಎಂದ ಕೂಸಪ್ಪ.

"ಅವರು ಹೇಗಿದ್ದಾರೆ?"

"ಉಂಟು, ಹಾಗೇ ಉಂಟು. ಕೈಯ ನರ ಕೂತುಹೋಯ್ತು, ಈಗ ಕುತ್ತಿಗೆಯಿಂದ ಮಾಡುವುದು." ಕೂಸಪ್ಪ ತನ್ನ ಕುತ್ತಿಗೆ ಮುಟ್ಟಿ ತೋರಿಸಿದ. "ಯಾವಾಗಲೂ ನಿಮ್ಮದೇ ಮಾತು. ಆ ಅಣ್ಣ ಪಾರಾದ್ರಲ್ಲ, ಒಂದು ಸಲ ಬಂದು ಮುಖ ತೋರಿಸಿ ಹೋಗ್ಲಿ ಅಂತ ಹೇಳ್ತಾ ಇರ್ತಾಳೆ."

"ಬರ್ತೇನೆ. ಖಂಡಿತ ಬರ್ತೇನೆ. ಸ್ವಲ್ಪ ಇನ್ಫೆಕ್ಷನ್ನಿನ ಹೆದರಿಕೆ. ಡಾಕ್ಟ್ರು ಹೊರಗೆ ಹೋಗಬಾರದು ಅಂತ…"

"ಆಯ್ತಪ್ಪ, ಜಾಗ್ರತೆ ಮಾಡಿ," ಎಂದ ಕೂಸಪ್ಪ ತುಂಬಿದ ಬಸ್‌ಸ್ಟ್ಯಾಂಡಿನ ಮಧ್ಯೆ ನಿಂತು. ಅವನಿಗೆ ಆ ನೆಪದಲ್ಲಿ ಏನೂ ತಪ್ಪು ಕಾಣಲಿಲ್ಲವೆಂಬುದೇ ಎಲ್ಕಾನನಿಗೆ ಹೊಡೆತದ ಹಾಗೆ ತಾಗಿತು.

ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಾಸ್ಕು ಹಾಕಿಕೊಂಡು ಕಣ್ಣು ಮುಚ್ಚಿದ. ಐಸಿನ ತುಂಡು. ಬಾಯಿ ಒಣಗಿ ನಾಲಗೆ ಅಂಗುಳಿಗೆ ಅಂಟಿದಾಗ ವಾರಿಜಾಕ್ಷಿ ತನ್ನ ಸ್ಟೀಲಿನ ಡಬ್ಬಿಯಿಂದ ಒಂದು ಐಸಿನ ತುಂಡನ್ನು ಚಮಚದಲ್ಲಿ ಎತ್ತಿ ಕೊಡುತ್ತಿದ್ದಳು. ನೀರು ಅಳೆದು ಕುಡಿಯಬೇಕಾದ ಆ ದಿನಗಳಲ್ಲಿ ಅದು ಅವಳ ಪಾಲಿನಿಂದ ತೆಗೆದದ್ದು. ನುಂಗಬೇಡಿ, ಹೀರಿ, ಎನ್ನುತ್ತಿದ್ದಳು. ಅಕ್ಕನದು ಹೊಂದುತ್ತದೆಂದು ಗೊತ್ತಾದ ದಿನ ಅವನು ಹೇಳಲೋ ಬೇಡವೋ ಎಂದು ಒದ್ದಾಡಿ ಕೊನೆಗೆ ಹೇಳಿದಾಗ, ಅವಳು ಸೂಜಿ ಚುಚ್ಚಿದ ಕೈಯನ್ನೇ ಎತ್ತಿ ಚಪ್ಪಾಳೆ ತಟ್ಟಲು ಹೋಗಿ ಯಂತ್ರ ಕೂಗಿಕೊಂಡಿತ್ತು. ನರ್ಸು ಓಡಿ ಬಂದು ಬೈದಿದ್ದಳು. "ಒಬ್ಬರಾದ್ರೂ ಈ ಕುರ್ಚಿ ಬಿಟ್ಟು ಎದ್ದು ಹೋಗ್ಲಿ ಸಿಸ್ಟರ್," ಎಂದು ಅವಳು ನಗುತ್ತಲೇ ಇದ್ದಳು. ಕೂಸಪ್ಪ ಕೊಡಲು ತಯಾರಿದ್ದ, ರಕ್ತ ಹೊಂದಲಿಲ್ಲ. ಅವಳ ತಮ್ಮಂದಿರು ಫೋನು ತೆಗೆಯುವುದನ್ನು ನಿಲ್ಲಿಸಿದ್ದರು. ಕೃಪೆಯೆಂದರೆ ಇದೇ ಆದರೆ, ಅದು ಒಂದೇ ಕೋಣೆಯಲ್ಲಿ ಒಂದು ಕುರ್ಚಿಗೆ ಸುರಿದು ಇನ್ನೊಂದನ್ನು ಬಿಟ್ಟುಬಿಡುವುದಾದರೆ, ಅದಕ್ಕೆ ಸ್ತೋತ್ರ ಎಂದು ಕೈಜೋಡಿಸುವಾಗ ಆ ಇನ್ನೊಂದು ಕುರ್ಚಿಯ ಕಡೆಗೆ ಬೆನ್ನು ತಿರುಗಿಸಬೇಕಾಗುತ್ತದಲ್ಲ. ಅವನು ತಿರುಗಿಸಿದ್ದಾನೆ. ಒಂದು ವರ್ಷದಿಂದ ಆ ಡಯಾಲಿಸಿಸ್ ಆಸ್ಪತ್ರೆಯ ಓಣಿಯಲ್ಲೂ ಹೋಗಿಲ್ಲ. ಕಂಡಕ್ಟರ್ ಭುಜ ತಟ್ಟಿ ಟಿಕೆಟು ಕೇಳಿದಾಗ, ಜೇಬಿನಲ್ಲಿ ಫೋನು ನಡುಗಿತು. ಅಕ್ಕ. 'ಕಿಟಕಿ ಮುಚ್ಚಿಕೊ. ಧೂಳು.' ಅವನು ಕಿಟಕಿಯನ್ನು ಪೂರ್ತಿ ತೆರೆದ. ಹಿಂದಿನ ಸೀಟಿನ ಹೆಂಗಸು ಕೂದಲು ಹಾರುತ್ತದೆಂದು ಗೊಣಗಿದಳು. ಮುಚ್ಚಿದ.

ಇಗರ್ಜಿಯ ಅಂಗಳದಲ್ಲಿ ಅಕ್ಕ ಛತ್ರಿಯೂರಿ ನಿಂತಿದ್ದಳು, ಬೂದು ಬಣ್ಣದ ಸೀರೆಯಲ್ಲಿ, ದಪ್ಪ ದೇಹ, ನೆಟ್ಟ ಕತ್ತು. ಸುತ್ತ ಮಹಿಳಾ ಸಂಘದವರು. ಅವನು ಹತ್ತಿರ ಬಂದಕೂಡಲೇ ಅವನ ಕಾಲರಿನ ಮಡಿಕೆ ಸರಿಮಾಡಿ, ಎಲ್ಲರೆದುರಿಗೆ, "ಮೂತ್ರ ಸರಿ ಹೋಗ್ತಾ ಉಂಟಾ?" ಎಂದು ಕೇಳಿದಳು. ಹೆಂಗಸರೆಲ್ಲ ಉತ್ತರಕ್ಕೆ ಕಾದರು. ಅವರಲ್ಲೊಬ್ಬರು ಮುದುಕಿ ಕನ್ನಡಕ ಸರಿಪಡಿಸಿಕೊಂಡು ಅವನ ಹೊಟ್ಟೆಯ ಕಡೆ ನೋಡಿ, "ಯಾವ ಬದಿ?" ಎಂದರು. ಅಕ್ಕ ಅವನ ಅಂಗಿಯ ಮೇಲೇ ಬೆರಳಿಟ್ಟು ತೋರಿಸಿದಳು. ತನ್ನ ಮನೆಯ ಗೋಡೆಯಲ್ಲಿ ಮೊಳೆ ಹೊಡೆದ ಜಾಗ ತೋರಿಸುವ ಹಾಗೆ. ಆ ಕ್ಷಣ ಅವನಿಗೆ ಒಂದು ವಿಚಿತ್ರ ಆಸೆ ಬಂತು: ಓಡಿಹೋಗಿ ಎಲ್ಲಾದರೂ ಒಂದು ಹೋಟೆಲಿನಲ್ಲಿ ಕೂತು ಉಪ್ಪಿನಕಾಯಿಯನ್ನು ಬರಿಗೈಯಲ್ಲಿ ಬಾಚಿ ತಿಂದು, ಮಾತ್ರೆಗಳನ್ನು ಚರಂಡಿಗೆ ಚೆಲ್ಲಿ, ಇಷ್ಟೇ ಅಲ್ಲವೇ, ಸಾಯುತ್ತೇನೆ, ನನ್ನ ಸಾವಾದರೂ ನನ್ನದಾಗಿರಲಿ ಎಂದು ಕೂಗಬೇಕು. "ಹೋಗ್ತಾ ಉಂಟು," ಎಂದ.

ಎರಡನೆಯ ಕೀರ್ತನೆಯಾದ ಮೇಲೆ ಸಭಾಪಾಲಕರು, ಈಚೆಗೆ ಬಂದ ಎಳೆ ವಯಸ್ಸಿನವರು, ಅವನ ಹೆಸರು ಹೇಳಿ ನಕ್ಕು ಕೈ ಚಾಚಿದರು. ಅವನು ಎದ್ದು ಮುಂದೆ ಹೋದ. ಫೋನು ತೆರೆದ. ಅಕ್ಕ ಮೊದಲ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವನು "ಮರಣದ ಬಾಗಿಲಿನಲ್ಲಿದ್ದ ನನ್ನನ್ನು" ಎಂದು ಶುರುಮಾಡಿದಾಗ ಅವಳ ತುಟಿಗಳೂ ಜೊತೆಯಲ್ಲೇ ಅಲುಗುತ್ತಿದ್ದುದು ಕಂಡಿತು. ಅಲ್ಪವಿರಾಮದಲ್ಲಿ ಅವಳ ತುಟಿ ನಿಂತಿತು. ಅವನೂ ನಿಂತ. ಅವಳು ಮುಂದಿನ ಶಬ್ದಕ್ಕೆ ತುಟಿ ತೆರೆದಳು. ಅವನಿಂದ ಆಗಲಿಲ್ಲ.

"ಇದು ಅಕ್ಕ ಬರೆದುಕೊಟ್ಟದ್ದು," ಎಂದ. ಧ್ವನಿ ಮೈಕಿನಲ್ಲಿ ತನ್ನದಲ್ಲದ ಹಾಗೆ ಕೇಳಿತು. "ಚೆನ್ನಾಗಿ ಉಂಟು. ಆದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ವರ್ಷ ಪ್ರಯತ್ನ ಮಾಡಿದೆ. ಪ್ರಾರ್ಥನೆಗೆ ಕೂತರೆ ಸಿಟ್ಟು ಬರ್ತದೆ. ನನಗೆ ಸಿಕ್ಕಿದ್ದು ದೊಡ್ಡದು ಅಂತ ಗೊತ್ತುಂಟು, ನೀವು ಯಾರೂ ಮರೆಯಲಿಕ್ಕೆ ಬಿಡುವುದಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬಳು ಇದ್ದಳು, ಈಗಲೂ ಇದ್ದಾಳೆ. ಅವಳಿಗೆ ಯಾಕೆ ಇಲ್ಲ ಅಂತ ನನಗೆ ಗೊತ್ತಿಲ್ಲ. ದೇವರಿಗೆ ಏನು ಹೇಳಬೇಕು ಅಂತಲೂ ಗೊತ್ತಿಲ್ಲ. ಸುಳ್ಳು ಹೇಳುವುದು ಬೇಡ ಅಂತ ಕಂಡಿತು. ಅಷ್ಟೇ."

ಯಾರೋ ಕೆಮ್ಮಿದರು. ಹಿಂದಿನ ಬೆಂಚಿನಿಂದ, ಕಿವಿ ಕೇಳದ ಮುದುಕರೊಬ್ಬರು, ಸಾಕ್ಷಿ ಮುಗಿಯಿತೆಂದು ತಿಳಿದು, "ಆಮೆನ್!" ಎಂದು ಗಟ್ಟಿಯಾಗಿ ಹೇಳಿದರು. ಸಭಾಪಾಲಕರು ಒಂದು ಗಳಿಗೆ ತಡವರಿಸಿ, "ಇದೂ ಒಂದು ಪ್ರಾರ್ಥನೆಯೇ," ಎಂದು ಸಣ್ಣಗೆ ಹೇಳಿ ಮುಂದಿನ ಕೀರ್ತನೆಯ ಸಂಖ್ಯೆ ಕೂಗಿದರು. ಎಲ್ಕಾನ ತನ್ನ ಜಾಗಕ್ಕೆ ಬಂದು ಕೂತ. ಸತ್ಯ ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದ. ಹಾಗೇನೂ ಆಗಲಿಲ್ಲ, ಬೆವರು ಮಾತ್ರ ಬಂತು. ಅಕ್ಕನ ಕತ್ತಿನ ಹಿಂಭಾಗ ಕೆಂಪಾಗಿತ್ತು. ಅವಳು ಆ ಕೀರ್ತನೆಯನ್ನು ಹಾಡಲಿಲ್ಲ.

ಆರಾಧನೆ ಮುಗಿದ ಮೇಲೆ ಅಕ್ಕ ತನ್ನ ಮನೆಯ ದಾರಿ ಹಿಡಿದಳು. ಛತ್ರಿ ಬಿಡಿಸಿ ಮುಂದೆ ಮುಂದೆ ನಡೆದಳು. ನೆರಳಿನಲ್ಲಿ ಬಾ ಎಂದು ಕೂಡ ಹೇಳಲಿಲ್ಲ. ಬಿಸಿಲಿನಲ್ಲಿ ಹಿಂದೆ ನಡೆಯುತ್ತ, ಅವಳು ಹಾಗೆ ಹೇಳದಿದ್ದದ್ದೇ ಅವನಿಗೆ ಕಿರಿಕಿರಿ ಮಾಡಿತು. ಬೈದುಬಿಡಲಿ. ಸಾವಿರ ಸಲ ಬೇಡವೆಂದಾಗ ಬೈದವಳು ಈಗ ಬೈಯಬಾರದೇ? ಬೀಗ ತೆಗೆದು ಒಳಗೆ ಹೋದವಳು ಅನ್ನಕ್ಕೆ ಇಡಲಿಲ್ಲ, ಫ್ಯಾನು ಹಾಕಲಿಲ್ಲ. ನಡುಮನೆಯ ಮಂಚದ ಅಂಚಿನಲ್ಲಿ ಕೂತಳು.

"ಈಗ ಊರೆಲ್ಲ ಎಂತ ಹೇಳ್ತದೆ?" ಎಂದಳು ಕೊನೆಗೆ. "ತಮ್ಮನಿಗೆ ಕೊಟ್ಟು ತಲೆಮೇಲೆ ಕೂತಿದ್ದಾಳೆ ಅಂತ."

"ಕೂತಿದ್ದೀ ಅಲ್ವಾ."

"ನಾನಾ?"

"ಮತ್ತೆ ಯಾರು? ನಳಿನಿ ಎಲ್ಲಿ ಮಲಗಬೇಕು, ನಾನು ಎಂತ ಅಂಗಿ ಹಾಕಬೇಕು, ದೇವರಿಗೆ ಎಂತ ಹೇಳಬೇಕು, ಎಲ್ಲ ನೀನೇ. ನನಗೆ ಸಾಕಾಗಿ ಹೋಯ್ತು ಅಕ್ಕ. ಬೇಕಾದ್ರೆ ವಾಪಸು ತೆಕ್ಕೊ. ಇವತ್ತೇ ಹೋಗುವ ಆಸ್ಪತ್ರೆಗೆ, ತೆಗೆಸಿಕೊಡ್ತೇನೆ. ಅಥವಾ ಎಂತ ಬೇಕು ಅಂತ ಒಂದು ಸಲ ಬಾಯಿ ಬಿಟ್ಟು ಹೇಳು. ಕೊಟ್ಟು ಮುಗಿಸ್ತೇನೆ."

"ನನಗೆ ಎಂತದೂ ಬೇಡ."

"ಅದೇ! ಅದೇ ನಿನ್ನ ಅಹಂಕಾರ. ನಿನಗೆ ಎಂತದೂ ಬೇಡ."

ಹೇಳಿದ ಮೇಲೆ ತನ್ನ ಮಾತು ಎಷ್ಟು ಕೆಟ್ಟದಾಗಿತ್ತೆಂದು ಕೇಳಿಸಿತು. ತೆಕ್ಕೊ ಎಂದದ್ದು. ಎಡಗೈಯಲ್ಲಿ, ಹಿಂದೆ ಡಯಾಲಿಸಿಸ್ಸಿನ ಸೂಜಿ ಚುಚ್ಚುತ್ತಿದ್ದ ಕಡೆ, ನರ ಈಗಲೂ ಗುಂಯ್ ಎನ್ನುತ್ತಿತ್ತು. ಅವಳು ಅಳುತ್ತಾಳೆಂದು ಕಾದ. ಅಳಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿ, ಏನೂ ನಡೆಯಲಿಲ್ಲವೆಂಬ ಹಾಗೆ ಕಾಲುಚೀಲ ತೆಗೆಯಲು ಹೊರಟಳು. ಬಲಗಾಲಿನ ಹೆಬ್ಬೆರಳನ್ನು ಎಡಗಾಲಿನ ಕಾಲುಚೀಲದ ಅಂಚಿಗೆ ಸಿಕ್ಕಿಸಿ ಕೆಳಗೆ ತಳ್ಳುತ್ತಿದ್ದಳು. ಅದು ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡಿತು. ಮತ್ತೆ ತಳ್ಳಿದಳು. ಮಂಚದ ಕಂಬ ಹಿಡಿದು ಒಂದಿಷ್ಟು ಮುಂದೆ ಬಾಗಿದವಳು ತಟ್ಟನೆ ಉಸಿರು ಹಿಡಿದು, ಎಡಪಕ್ಕೆಗೆ ಕೈ ಒತ್ತಿಕೊಂಡು ಹಿಂದೆ ಒರಗಿದಳು.

"ಎಂತಾಯ್ತು?"

"ಎಂತದೂ ಇಲ್ಲ."

"ಅಕ್ಕ."

"ಬಗ್ಗಿದರೆ ಹೊಲಿಗೆಯ ಜಾಗ ಎಳೀತದೆ. ಅಷ್ಟೇ. ಕೆಲವರಿಗೆ ಹಾಗೆ ಉಳೀತದಂತೆ."

"ಯಾವಾಗಿನಿಂದ?"

"ಯಾವಾಗಿನಿಂದ ಅಂದ್ರೆ? ಆವಾಗಿನಿಂದಲೇ."

ಅವನು ನೆಲಕ್ಕೆ ಕೂತು ಆ ಕಾಲುಚೀಲ ಎಳೆದ. ಅವಳು ಬೇಡ ಬೇಡ ಎನ್ನುತ್ತ ಕಾಲು ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ಅದು ಕೈಗೆ ಬಂದಿತ್ತು. ಅವಳ ಉಗುರುಗಳು ಬೆಳೆದು, ಹಳದಿಯಾಗಿ, ಬೆರಳ ತುದಿ ದಾಟಿ ಕೆಳಕ್ಕೆ ಬಾಗಿದ್ದವು. ಕಿರುಬೆರಳಿನದು ಪಕ್ಕದ ಬೆರಳಿಗೆ ಒತ್ತಿ ಅಲ್ಲಿ ಗಾಯದ ಕಲೆಯಾಗಿತ್ತು. ಶಾಲೆಯಲ್ಲಿ ಪ್ರತಿ ಸೋಮವಾರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದ ಟೀಚರು. ಇಷ್ಟು ಸೆಕೆಯಲ್ಲಿ ಕಾಲುಚೀಲ ಯಾಕೆಂದು ಈಗ ತಿಳಿಯಿತು. ಒಂದು ವರ್ಷದಿಂದ ಇಡೀ ಸಭೆ ಇವಳನ್ನು ಹೊಗಳಿತ್ತು, ಶಾಲು ಹೊದಿಸಿತ್ತು. ಅವನು ಇವಳನ್ನು ದ್ವೇಷಿಸುವುದರಲ್ಲೇ ಆ ವರ್ಷ ಸವೆಸಿದ್ದ. ಇವಳ ಕಾಲನ್ನು ಯಾರೂ ನೋಡಿರಲಿಲ್ಲ.

"ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ? ನಳಿನಿ ಬರ್ತಿದ್ದಳು. ನಾನು ಬರ್ತಿದ್ದೆ."

"ಹೇಳಿದ್ರೆ ನೀನು ಇನ್ನೂ ಮುಖ ಸೊಟ್ಟ ಮಾಡ್ತಿದ್ದೆ," ಎಂದಳು ಅಕ್ಕ. "ಈಗಲೇ ನನ್ನ ಫೋನು ಬಂದ್ರೆ ನಿನಗೆ ಸಾಲಗಾರ ಬಂದ ಹಾಗೆ ಆಗ್ತದೆ. ನನಗೆ ಗೊತ್ತಾಗುವುದಿಲ್ಲ ಅಂತ ಮಾಡಿದ್ದೀಯಾ? ಇದನ್ನೂ ಹೇಳಿದ್ರೆ, ನೋಡು, ಇದೂ ನನ್ನ ತಲೆಗೇ ಬಂತು ಅಂತ. ಫೋನು ಯಾಕೆ ಮಾಡ್ತೇನೆ? ಹೆದರಿಕೆ ಮಾರಾಯ. ಅದು ಕೆಟ್ಟುಹೋದ್ರೆ ಮತ್ತೆ ಕೊಡ್ಲಿಕ್ಕೆ ನನ್ನ ಹತ್ರ ಇನ್ನೊಂದು ಇಲ್ಲ."

ಅವನು ಕಾಲುಚೀಲವನ್ನು ಮಡಚಿ ಮಂಚದ ಮೇಲಿಟ್ಟ. ಎದ್ದು ಒಳಗೆ ಹೋಗಿ ಬೋಗುಣಿಯಲ್ಲಿ ಬಿಸಿನೀರು ತಂದ. ಉಗುರು ಕತ್ತರಿ ಎಲ್ಲಿದೆ ಎಂದು ಕೇಳಿದ. ಕಪಾಟಿನ ಎರಡನೆಯ ಅರೆಯಲ್ಲಿ ಎಂದಳು, ಅಲ್ಲಿರಲಿಲ್ಲ, ಕಣ್ಣಿದ್ದರೆ ಕಾಣುತ್ತದೆ ಎಂದಳು, ಅದು ಹೊಲಿಗೆಯ ಡಬ್ಬಿಯಲ್ಲಿ ಸಿಕ್ಕಿತು, ಅಲ್ಲಿಟ್ಟವರು ಯಾರೆಂದು ಅವನನ್ನೇ ಕೇಳಿದಳು. ಅವನು ಅವಳ ಎಡಗಾಲನ್ನು ನೀರಿನಲ್ಲಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಭಾರವಾದ ಕಾಲು. ಹಿಮ್ಮಡಿ ಒಡೆದಿತ್ತು. ತಾಮ್ರದ ತಂತಿಯ ಎಳೆ ಹಿಡಿಯುವ ಬೆರಳುಗಳಿಗೆ ಉಗುರು ಹಿಡಿಯಲು ಬರಲಿಲ್ಲ. ಮೊದಲನೆಯದು ಸಿಡಿದು ಎಲ್ಲಿಗೋ ಹಾರಿತು.

"ಆಳ ಹೋಗ್ಬೇಡ. ನಿಧಾನ. ಅಯ್ಯೋ, ನಿಧಾನ ಅಂದೆ! ನೀನು ಮೋಟಾರು ಹೀಗೇ ರಿಪೇರಿ ಮಾಡುವುದಾ?"

"ಕಾಲು ಎಳೆಯಬೇಡ. ಎಳೆದ್ರೆ ತಾಗ್ತದೆ."

"ಕಚಗುಳಿ ಆಗ್ತದೆ."

"ಆಗಲಿ. ಸಹಿಸಿಕೊ."

ಅವಳು ಸುಮ್ಮನಾದಳು. ಆದರೆ ಕಾಲು ಸುಮ್ಮನಾಗಲಿಲ್ಲ. ಅವನು ಪ್ರತಿ ಬೆರಳನ್ನು ಹಿಡಿದಾಗಲೂ ಅದು ಜಾರಿಕೊಳ್ಳಲು ನೋಡುತ್ತಿತ್ತು, ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತವರ ಸಂಕೋಚದ ಹಾಗೆ. ತಲೆಯೆತ್ತಿ ನೋಡಿದ. ಅಕ್ಕನ ಮುಖ ಗೋಡೆಯ ಕಡೆಗಿತ್ತು. ತುಟಿ ಬಿಗಿದಿತ್ತು. ಆ ಮುಖ ಅವನಿಗೆ ಗೊತ್ತಿತ್ತು. ಒಂದು ವರ್ಷದಿಂದ ತನ್ನ ಮುಖವನ್ನು ಒಳಗಿನಿಂದ ಹೀಗೇ ಹಿಡಿದುಕೊಂಡು ಅವನು ಊರೆಲ್ಲ ತಿರುಗಿದ್ದ. ತೆಗೆದುಕೊಳ್ಳುವುದು ಇವಳಿಗೂ ಬರುವುದಿಲ್ಲ, ಎಂದುಕೊಂಡ. ಇಬ್ಬರಿಗೂ ಅದನ್ನು ಯಾರೂ ಕಲಿಸಿಲ್ಲ. ಕಿರುಬೆರಳಿನ ಹತ್ತಿರ ಬಂದಾಗ ಗಾಯ ತಾಗದ ಹಾಗೆ ಉಸಿರು ಹಿಡಿದು, ಒಂದೊಂದೇ ಚೂರಾಗಿ ಕತ್ತರಿಸಿದ. ಅಷ್ಟು ಹೊತ್ತು ಅವನ ತಲೆಯಲ್ಲಿ ಸಿಟ್ಟಾಗಲಿ ಸ್ತೋತ್ರವಾಗಲಿ ಬೇರೆ ಯಾವ ಮಾತೂ ಇರಲಿಲ್ಲ. ಆ ಕಾಲನ್ನು ಟವೆಲಿನಲ್ಲಿ ಒರೆಸಿ ಕೆಳಗಿಟ್ಟ.

"ಸಾಕು," ಎಂದಳು ಅಕ್ಕ. "ಇನ್ನೊಂದು ನಾನೇ ಹೇಗಾದ್ರೂ ಮಾಡಿಕೊಳ್ತೇನೆ. ನಿನಗೆ ಬಸ್ಸು ಉಂಟು."

"ಕೊಡು."

"ಬೇಡ, ಅನ್ನಕ್ಕೆ ಇಡ್ಬೇಕು."

"ಅಕ್ಕ, ಕೊಡು."

ಅವಳು ಎಡಗಾಲಿನಿಂದ ಬಲಗಾಲಿನ ಕಾಲುಚೀಲವನ್ನು ಜಾರಿಸಿದಳು. ಆಮೇಲೆ ಬಲಗಾಲನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. ಈ ಸಲ ಎಳೆಯಲಿಲ್ಲ. ಅವನು ಎರಡು ಬೆರಳು ಮುಗಿಸಿದ. ಮೂರನೆಯದಕ್ಕೆ ಕೈ ಹಾಕುವಾಗ, ಎಂದಿನ ಗದರುವ ದನಿಯಲ್ಲೇ ಹೇಳಿದಳು: "ಬರುವ ತಿಂಗಳು ಸಹ ನೀನೇ ಬರ್ಬೇಕಾಗ್ತದೆ. ಉಗುರು ಬೆಳೀತದೆ."

"ಬರ್ತೇನೆ," ಎಂದ ಎಲ್ಕಾನ, ತಲೆ ಎತ್ತದೆ.